ಕೇಳಲು ಸಂಕೋಚವಾಗುವವರು ಆನ್‌ಲೈನ್ ಥೆರಪಿಸ್ಟ್ ಹುಡುಕುವುದು ಹೇಗೆ

ಥೆರಪಿಸ್ಟ್ ಒಬ್ಬರಿಗೆ ಕಳಿಸಬೇಕೆಂದು ಬರೆದಿಟ್ಟ ಮೊದಲ ಮೆಸೇಜು ಹನ್ನೊಂದು ದಿನ ಡ್ರಾಫ್ಟಿನಲ್ಲೇ ಉಳಿದಿತ್ತು. ಇದ್ದದ್ದು ಆರೇ ಸಾಲು, ಅದರಲ್ಲಿ ಮೂರು ಸಲ ‘ಕ್ಷಮಿಸಿ’. ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ಉದ್ದವಾಯಿತು, ಕ್ಷಮಿಸಿ. ನನ್ನದು ಅಂಥ ದೊಡ್ಡ ಸಮಸ್ಯೆಯೇನಲ್ಲ, ಕ್ಷಮಿಸಿ. ನನ್ನ ಕೆಲಸ ಕರಡು ತಿದ್ದುವುದು. ಬೇರೆಯವರ ಬರಹದಲ್ಲಿ ಒಂದೇ ಪದ ಹತ್ತಿರ ಹತ್ತಿರ ಮೂರು ಸಲ ಬಂದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ನನ್ನ ಸಾಲುಗಳಲ್ಲಿ ಅದು ಕಾಣಲು ಹನ್ನೊಂದು ದಿನ ಬೇಕಾಯಿತು. ಮೂರನ್ನೂ ಹೊಡೆದುಹಾಕಿ ಕಳಿಸಿದೆ.

ಕೀಳರಿಮೆಯಲ್ಲಿ ಬೆಳೆದವರಿಗೆ ಥೆರಪಿಸ್ಟ್ ಹುಡುಕುವುದು ಬೇರೆಯವರಿಗಿಂತ ಕಷ್ಟ. ಹುಡುಕುವುದೆಂದರೆ ಪ್ರಶ್ನೆ ಕೇಳಬೇಕು, ನಾಲ್ಕು ಜನರನ್ನು ಹೋಲಿಸಬೇಕು, ಹಿಡಿಸದಿದ್ದರೆ ಬೇಡ ಅನ್ನಬೇಕು. ನಮಗೆ ಬಾರದೇ ಇರುವುದು ಇದೇ. ಆದ್ದರಿಂದ ಯಾವ ಆ್ಯಪ್, ಯಾವ ಪ್ಯಾಕೇಜ್ ಅನ್ನುವುದಕ್ಕಿಂತ ಈ ಮೂರು ಕೆಲಸಗಳನ್ನು ಹೇಗೆ ಮಾಡುವುದು ಅನ್ನುವುದನ್ನೇ ಇಲ್ಲಿ ಹೆಚ್ಚು ಬರೆಯುತ್ತೇನೆ.

ಮೊದಲು ನಿಮ್ಮ ತೊಂದರೆಯನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ‘ಸೆಲ್ಫ್ ಎಸ್ಟೀಮ್’ ಎಂದು ಹುಡುಕಿದರೆ ಪ್ರೊಫೈಲುಗಳ ರಾಶಿಯೇ ಬೀಳುತ್ತದೆ, ಯಾಕೆಂದರೆ ತಾವು ನೋಡುವ ವಿಷಯಗಳ ಪಟ್ಟಿಗೆ ಆ ಪದವನ್ನು ಬಹುತೇಕ ಎಲ್ಲರೂ ಸೇರಿಸಿಕೊಂಡಿರುತ್ತಾರೆ. ಕಳೆದ ಎರಡು ವಾರದಲ್ಲಿ ನಡೆದ ಮೂರು ಸಣ್ಣ ಘಟನೆ ಸಾಕು. ನಾನು ಬರೆದುಕೊಂಡದ್ದು ಇಷ್ಟು: ಮೀಟಿಂಗಿನಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡಲಿಲ್ಲ. ಗೆಳತಿ ಹೊಗಳಿದಾಗ ‘ಅಯ್ಯೋ, ಅದೇನು ಮಹಾ ಬಿಡು’ ಎಂದು ಮಾತು ತಿರುಗಿಸಿದೆ. ಅಚ್ಚಾದ ಪುಸ್ತಕದಲ್ಲಿ ಒಂದು ಒತ್ತಕ್ಷರ ತಪ್ಪಿ ಉಳಿದದ್ದಕ್ಕೆ ರಾತ್ರಿ ಎರಡು ಗಂಟೆಯವರೆಗೆ ಹೊರಳಾಡಿದೆ. ಈ ಮೂರು ಸಾಲು ಓದಿದ ಥೆರಪಿಸ್ಟ್‌ಗೆ ನನ್ನ ವಿಷಯ ಅರ್ಥವಾದಷ್ಟು ಯಾವ ಪಾರಿಭಾಷಿಕ ಪದದಿಂದಲೂ ಆಗುತ್ತಿರಲಿಲ್ಲ.

ಅಳತೆಯೊಂದು ಬೇಕು ಅನ್ನಿಸಿದರೆ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ 10 ವಾಕ್ಯಗಳ ಪ್ರಶ್ನಾವಳಿ ಇದೆ. ಐದು ನಿಮ್ಮ ಪರವಾದ ವಾಕ್ಯ, ಐದು ವಿರುದ್ಧವಾದವು. ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ಐದು ನಿಮಿಷವೂ ಹಿಡಿಯುವುದಿಲ್ಲ. ಅದರಿಂದ ರೋಗ ಪತ್ತೆಯಾಗುವುದಿಲ್ಲ, ಆದರೆ ಶುರುವಿನಲ್ಲೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ ತುಂಬಿಸಿ ಪಕ್ಕಪಕ್ಕ ಇಟ್ಟು ನೋಡಬಹುದು.

ಇಲ್ಲೇ ಒಂದು ಎಚ್ಚರ. ಕೀಳರಿಮೆ ಒಂದು ಕಾಯಿಲೆಯ ಹೆಸರಲ್ಲ. ಆದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಡಿಎಸ್‌ಎಂ ಕೈಪಿಡಿ ಅದನ್ನು ದೀರ್ಘಕಾಲದ ಖಿನ್ನತೆಯ ಲಕ್ಷಣಗಳಲ್ಲಿ ಒಂದಾಗಿ ಎಣಿಸುತ್ತದೆ. ನಿದ್ದೆ, ಹಸಿವು, ದಿನದ ಕೆಲಸ ಕೆಟ್ಟು ವಾರಗಳಾಗಿದ್ದರೆ ಮೊದಲು ವೈದ್ಯರನ್ನು ಕಾಣಿ. ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಲೇಬೇಡಿ. ನೀವಿರುವ ಕಡೆಯ ತುರ್ತು ಸಹಾಯವಾಣಿಗೆ ಈಗಲೇ ಕರೆ ಮಾಡಿ, ಪಕ್ಕದಲ್ಲಿರುವ ಒಬ್ಬರಿಗಾದರೂ ಬಾಯಿ ಬಿಟ್ಟು ಹೇಳಿ. ದಯವಿಟ್ಟು.

ಯಾರು ಯಾರೆಂದು ತಿಳಿದಿರಲಿ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನೋವಿಜ್ಞಾನದಲ್ಲಿ ಉನ್ನತ ಶಿಕ್ಷಣ ಪಡೆದು, ಪರೀಕ್ಷೆ ಮತ್ತು ಥೆರಪಿ ಎರಡನ್ನೂ ಮಾಡುವವರು. ಕೌನ್ಸೆಲರುಗಳ ತರಬೇತಿ ಊರಿಗೊಂದು ತರಹ, ಆದ್ದರಿಂದ ಎಲ್ಲಿ ಓದಿದರು, ಯಾರ ಮೇಲ್ವಿಚಾರಣೆಯಲ್ಲಿ ಎಷ್ಟು ಕಾಲ ಕೆಲಸ ಮಾಡಿದರು ಎಂದು ಕೇಳಲೇಬೇಕು. ‘ಲೈಫ್ ಕೋಚ್’ ಎಂದು ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಹೆಸರಿನ ಮುಂದೆ ನೋಂದಣಿ ಸಂಖ್ಯೆ ಇದ್ದರೆ ಅದನ್ನು ಕೊಟ್ಟ ಮಂಡಳಿಯ ಪಟ್ಟಿಯಲ್ಲೇ ಹುಡುಕಿ ತಾಳೆ ನೋಡಿ. ಬೇರೆ ದೇಶದಲ್ಲಿರುವವರನ್ನು ನೋಡುವುದಾದರೆ ಇನ್ನೊಂದು ಮಾತು: ಅನೇಕ ಕಡೆ ಲೈಸೆನ್ಸ್ ಲೆಕ್ಕಕ್ಕೆ ಬರುವುದು ಸೆಷನ್ ಹೊತ್ತಿಗೆ ನೀವು ಕೂತಿರುವ ಜಾಗದ ಮೇಲೆ. ‘ನಾನಿರುವ ಕಡೆಯವರನ್ನು ನೋಡಲು ನಿಮಗೆ ಅನುಮತಿ ಇದೆಯೇ?’ ಅಂತ ಮೊದಲೇ ಕೇಳಿ.

ಇನ್ನು ವಿಧಾನ. ನಾನು ಎಡವಿದ್ದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನನ್ನ ಮೊದಲ ಥೆರಪಿಸ್ಟ್ ಒಳ್ಳೆಯ ಮನಸ್ಸಿನವರು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನಾನು ಪ್ರೀತಿಗೆ ಅರ್ಹಳು’ ಎಂದು ಹತ್ತು ಸಲ ಹೇಳಿಕೊಳ್ಳಲು ಹೇಳಿದರು. ಹೇಳಿಕೊಂಡೆ. ಪ್ರತಿ ಸಲವೂ ಒಳಗಿಂದ ಒಂದು ದನಿ ‘ಸುಳ್ಳು’ ಅನ್ನುತ್ತಿತ್ತು. ಹತ್ತು ಸಲ ಹೇಳಿದರೆ ಹತ್ತು ಸಲ ಸುಳ್ಳು. ಇಷ್ಟು ಸುಲಭದ್ದೂ ನನ್ನಿಂದ ಆಗುವುದಿಲ್ಲವಲ್ಲ ಎಂದು ಮತ್ತಷ್ಟು ಕುಗ್ಗಿದೆ. ಬಹಳ ತಿಂಗಳ ಮೇಲೆ ತಿಳಿಯಿತು, ತಪ್ಪು ನನ್ನದಾಗಿರಲಿಲ್ಲ. ಮನೋವಿಜ್ಞಾನಿ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥದೇ ವಾಕ್ಯವನ್ನು ಹೇಳಿಕೊಂಡ ಆತ್ಮಗೌರವ ಕಡಿಮೆಯಿದ್ದವರಿಗೆ, ಹೇಳಿಕೊಳ್ಳದವರಿಗಿಂತ ಹೆಚ್ಚು ಬೇಸರವಾಗಿತ್ತು. ಮೊದಲೇ ಆತ್ಮಗೌರವ ಗಟ್ಟಿಯಾಗಿದ್ದವರಿಗೆ ಅದರಿಂದ ಒಂದಿಷ್ಟು ಲಾಭವಾಗಿತ್ತು. ಆದ್ದರಿಂದ ‘ಪಾಸಿಟಿವ್ ಆಗಿ ಯೋಚಿಸಿ’ ಎನ್ನುವುದೇ ಇಡೀ ಚಿಕಿತ್ಸೆ ಎಂಬಂತೆ ಬರೆದುಕೊಂಡ ಪ್ರೊಫೈಲನ್ನು ನಾನಾದರೆ ಈಗ ದಾಟಿ ಮುಂದೆ ಹೋಗುತ್ತೇನೆ.

ನನಗೆ ದಾರಿ ಕಂಡದ್ದು ಸಿಬಿಟಿಯಲ್ಲಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಪರೀಕ್ಷಿಸಿ ಬದಲಿಸುವ ಥೆರಪಿಯಲ್ಲಿ, ಅದರಲ್ಲೂ ಮೆಲಾನಿ ಫೆನೆಲ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1997ರಲ್ಲಿ ವಿವರಿಸಿದ ಮಾದರಿಯಲ್ಲಿ. ಚಿಕ್ಕಂದಿನ ಅನುಭವಗಳಿಂದ ನಮ್ಮ ಬಗ್ಗೆ ನಾವೇ ಒಂದು ತೀರ್ಪು ಬರೆದುಕೊಂಡಿರುತ್ತೇವೆ. ನನ್ನದು: ‘ನಾನು ಸಾಲದವಳು.’ ಆ ತೀರ್ಪು ಬಯಲಾಗದ ಹಾಗೆ ಬದುಕಲು ಕೆಲವು ನಿಯಮ ಕಟ್ಟಿಕೊಳ್ಳುತ್ತೇವೆ. ನನ್ನದು: ‘ಒಂದೂ ತಪ್ಪು ಮಾಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.’ ಒಂದು ಒತ್ತಕ್ಷರ ತಪ್ಪಿದಾಗ ನಿಯಮ ಮುರಿಯುತ್ತದೆ, ಹಳೆಯ ತೀರ್ಪು ಎದ್ದು ಕೂರುತ್ತದೆ, ನಿದ್ದೆ ಹೋಗುತ್ತದೆ. ಹಾಗಾಗಿ ಥೆರಪಿಯಲ್ಲಿ ನಡೆಯುವುದು ಹೊಗಳಿಕೆಯಲ್ಲ, ಪರೀಕ್ಷೆ. ಬೇಕೆಂದೇ ಒಂದು ಸಣ್ಣ ತಪ್ಪಿರುವ ಇಮೇಲ್ ಕಳಿಸಿ ಏನಾಗುತ್ತದೆ ನೋಡುವುದು ನನ್ನ ಎರಡನೆಯ ಥೆರಪಿಸ್ಟ್ ಕೊಟ್ಟ ಮನೆಗೆಲಸ. ಕಳಿಸುವ ಮುಂಚೆ ಏನಾಗಬಹುದೆಂದು ಬರೆದೆ: ‘ಇವಳಿಗೆ ಕೆಲಸ ಗೊತ್ತಿಲ್ಲ ಅಂದುಕೊಳ್ಳುತ್ತಾರೆ.’ ಬಂದ ಉತ್ತರ: ‘ಸರಿ, ಗುರುವಾರ ಸಿಗೋಣ.’ ಆ ಮೂರು ಪದಗಳನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ.

ಎಲ್ಲರಿಗೂ ಇದೇ ಹಿಡಿಸಬೇಕೆಂದಿಲ್ಲ. ನಾಚಿಕೆ, ತನ್ನನ್ನೇ ಹಳಿದುಕೊಳ್ಳುವುದು ತೀರಾ ಹೆಚ್ಚಿದ್ದವರಿಗೆಂದೇ ಬ್ರಿಟಿಷ್ ಮನೋವಿಜ್ಞಾನಿ ಪಾಲ್ ಗಿಲ್ಬರ್ಟ್ ರೂಪಿಸಿದ ಕರುಣೆ ಕೇಂದ್ರಿತ ಥೆರಪಿ ಇದೆ. ಬಾಲ್ಯದ ಗಾಯ ಆಳವಾಗಿದ್ದರೆ, ಚಿಕ್ಕಂದಿನಲ್ಲೇ ಬೇರುಬಿಟ್ಟ ನಂಬಿಕೆಗಳ ಮೇಲೆ ಕೆಲಸ ಮಾಡುವ ಸ್ಕೀಮಾ ಥೆರಪಿ ಮಾಡುವವರನ್ನು ಕೇಳಿ ನೋಡಬಹುದು.

ಈಗ ಮೆಸೇಜು. ಮೂರ್ನಾಲ್ಕು ಜನರಿಗೆ ಒಂದೇ ದಿನ ಕಳಿಸಿ. ಒಬ್ಬರಿಗೆ ಮಾತ್ರ ಕಳಿಸಿ, ಅವರಿಂದ ಉತ್ತರ ಬಾರದೇ ಹೋದರೆ ‘ನಾನು ಬೇಡವಾದೆ’ ಎಂದು ಓದಿಕೊಳ್ಳುವ ಮನಸ್ಸು ನಮ್ಮದು. ಅವರಲ್ಲಿ ಜಾಗ ಖಾಲಿಯಿಲ್ಲದಿರಬಹುದು ಅನ್ನುವುದು ಹೊಳೆಯುವುದೇ ಇಲ್ಲ. ಹೀಗೆ ಬರೆದರೆ ಸಾಕು:

‘ನಮಸ್ಕಾರ. ಬಹಳ ಕಾಲದಿಂದ ಕೀಳರಿಮೆಯ ತೊಂದರೆ ಇದೆ. ಈಚಿನ ಉದಾಹರಣೆ: (ಇಲ್ಲಿ ನಿಮ್ಮ ಒಂದು ಘಟನೆ). ವಿಡಿಯೊ ಸೆಷನ್ ಬೇಕಾಗಿದೆ, ಸಂಜೆ ಆರರ ಮೇಲೆ ಅನುಕೂಲ. ಇಂಥ ತೊಂದರೆಗೆ ನೀವು ಯಾವ ವಿಧಾನ ಬಳಸುತ್ತೀರಿ? ಶುಲ್ಕ ಎಷ್ಟು, ಸೆಷನ್ ರದ್ದು ಮಾಡಬೇಕಾದರೆ ನಿಯಮವೇನು? ಶುರು ಮಾಡುವ ಮುಂಚೆ ಹತ್ತು ಹದಿನೈದು ನಿಮಿಷ ಮಾತಾಡಲು ಸಾಧ್ಯವೇ?’

ಶುಲ್ಕ ಕೇಳುವುದಕ್ಕೆ ನಾಚಬೇಡಿ. ಕೈಗೆಟುಕದಿದ್ದರೆ ರಿಯಾಯಿತಿ ದರ ಇದೆಯೇ ಎಂದೂ ಕೇಳಿ. ಅದಕ್ಕೆಂದೇ ಕೆಲವು ಜಾಗ ಮೀಸಲಿಡುವವರಿದ್ದಾರೆ, ಆದರೆ ಕೇಳದೆ ಹೇಳುವುದಿಲ್ಲ.

ಮೊದಲ ಮಾತುಕತೆಯಲ್ಲಿ ಅವರು ನಿಮ್ಮನ್ನು ಒಪ್ಪುತ್ತಾರೋ ಇಲ್ಲವೋ ಎಂದು ಕಾಯುತ್ತ ಕೂರಬೇಡಿ. ನಾನು ಹಾಗೇ ಕೂತಿದ್ದೆ, ಇಂಟರ್‌ವ್ಯೂಗೆ ಬಂದವಳ ಹಾಗೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಸ್ಕ್ರೀನಿನ ಪಕ್ಕ ಅಂಟಿಸಿಕೊಳ್ಳಿ: ನನ್ನಂಥವರ ಜೊತೆ ಹೇಗೆ ಕೆಲಸ ಮಾಡುತ್ತೀರಿ? ಸುಧಾರಿಸುತ್ತಿದೆ ಅಂತ ಇಬ್ಬರಿಗೂ ಹೇಗೆ ತಿಳಿಯುತ್ತದೆ? ನಿಮ್ಮ ವಿಧಾನ ನನಗೆ ಒಗ್ಗದಿದ್ದರೆ ಏನು ಮಾಡೋಣ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಎಲ್ಲಕ್ಕಿಂತ ಮುಖ್ಯ. ಮುಖ ಗಂಟಿಕ್ಕಿದರೆ ಅಲ್ಲಿಗೆ ಬಿಡಿ. ‘ಹಾಗಾದರೆ ನನಗೆ ಹೇಳಲೇಬೇಕು, ಅದರ ಮೇಲೇ ಕೆಲಸ ಮಾಡೋಣ’ ಅಂದರೆ ಅವರನ್ನು ಹಿಡಿದುಕೊಳ್ಳಿ. ಗುರಿ, ಅದಕ್ಕೆ ಮಾಡುವ ಕೆಲಸ, ಇಬ್ಬರ ನಡುವಿನ ನಂಟು, ಈ ಮೂರರಲ್ಲಿ ಥೆರಪಿಸ್ಟ್ ಮತ್ತು ಬಂದವರು ಹೊಂದಿಕೊಳ್ಳಬೇಕು ಎಂದು ಮನೋವಿಜ್ಞಾನಿ ಎಡ್ವರ್ಡ್ ಬಾರ್ಡಿನ್ 1979ರಲ್ಲೇ ಬರೆದಿದ್ದರು.

ಭಾಷೆಯನ್ನು ಕಡೆಗಣಿಸಬೇಡಿ. ನಿಮ್ಮೊಳಗಿನ ದನಿ ನಿಮ್ಮನ್ನು ಯಾವ ಭಾಷೆಯಲ್ಲಿ ಬೈಯುತ್ತದೋ ಆ ಭಾಷೆ ಬಲ್ಲವರು ಸಿಕ್ಕರೆ ಒಳ್ಳೆಯದು. ‘ದಂಡಪಿಂಡ’ ಅನ್ನುವ ಮಾತನ್ನು ಚಿಕ್ಕಂದಿನಲ್ಲಿ ಕೇಳಿ ಬೆಳೆದವಳು ನಾನು. ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಒಂದು ಮಾಹಿತಿಯಷ್ಟೇ ಆಗಿತ್ತು. ಕನ್ನಡದಲ್ಲಿ ಹೇಳಿದ ದಿನ ಗಂಟಲು ಕಟ್ಟಿತು, ಅವರಿಗೂ ಅರ್ಥವಾಯಿತು.

ಗುಟ್ಟು ಕಾಯುವ ವಿಷಯ. 2023ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಂಪನಿಗಳ ಜೊತೆ ಹಂಚಿಕೊಂಡ ಆರೋಪದ ಮೇಲೆ ಆನ್‌ಲೈನ್ ಥೆರಪಿ ಕಂಪನಿ ಬೆಟರ್‌ಹೆಲ್ಪ್ ವಿರುದ್ಧ ಕ್ರಮ ಕೈಗೊಂಡಿತು. 2020ರಲ್ಲಿ ಫಿನ್ಲೆಂಡಿನ ವಸ್ತಾಮೊ ಎಂಬ ಥೆರಪಿ ಸಂಸ್ಥೆಯ ದಾಖಲೆಗಳನ್ನು ಕದ್ದವರು ರೋಗಿಗಳಿಗೇ ಬೆದರಿಕೆ ಹಾಕಿ ಹಣ ಕೇಳಿದ್ದರು. ಹೆದರಿ ಕೈಬಿಡಿ ಅನ್ನುತ್ತಿಲ್ಲ. ಟಿಪ್ಪಣಿಗಳನ್ನು ಎಲ್ಲಿಡುತ್ತೀರಿ, ಸೆಷನ್ ರೆಕಾರ್ಡ್ ಆಗುತ್ತದೆಯೇ, ಯಾವ ಸಂದರ್ಭದಲ್ಲಿ ನನ್ನ ವಿಷಯ ಬೇರೆಯವರಿಗೆ ಹೇಳುತ್ತೀರಿ ಎಂದು ಕೇಳಿ. ಆಫೀಸಿನ ಲ್ಯಾಪ್‌ಟಾಪ್ ಬಳಸಬೇಡಿ.

ಸೆಷನ್ನಿಗೆ ಕೂರುವಾಗ ಇಯರ್‌ಫೋನ್ ಇರಲಿ, ಬಾಗಿಲಾಚೆ ಫ್ಯಾನೋ ರೇಡಿಯೊವೋ ಸದ್ದು ಮಾಡುತ್ತಿರಲಿ. ಮುಖ್ಯವಾಗಿ ಸ್ಕ್ರೀನಿನ ಮೂಲೆಯಲ್ಲಿ ಕಾಣುವ ನಿಮ್ಮದೇ ಮುಖವನ್ನು ಮರೆಮಾಡಿ. ಮೊದಲ ಎರಡು ಸೆಷನ್ ಪೂರ್ತಿ ನಾನು ಅವರನ್ನು ನೋಡಲೇ ಇಲ್ಲ. ನನ್ನ ಹುಬ್ಬು, ನನ್ನ ಗಲ್ಲ, ಅಳುವಾಗ ಬಾಯಿ ಸೊಟ್ಟಗಾಗುವುದು, ಅದನ್ನೇ ನೋಡುತ್ತಿದ್ದೆ. ಸೆಟ್ಟಿಂಗ್ ಎಲ್ಲಿದೆಯೆಂದು ತಿಳಿಯದೆ ಹಳದಿ ಚೀಟಿ ಅಂಟಿಸಿದೆ. ಆಮೇಲೆ ಮಾತು ಸಲೀಸಾಯಿತು.

ಮೂರ್ನಾಲ್ಕು ಸೆಷನ್ ಆದ ಮೇಲೆ ತೂಗಿ ನೋಡಿ. ಸೆಷನ್ ಮುಗಿದಾಗ ಸುಸ್ತಾಗುವುದು, ಅಳು ಬರುವುದು ಕೆಟ್ಟ ಲಕ್ಷಣವಲ್ಲ. ಪ್ರತಿ ಸಲವೂ ಚಿಕ್ಕವರಾದ ಹಾಗೆ ಅನ್ನಿಸಿದರೆ, ಹೇಳಿದ್ದೇ ಅವರಿಗೆ ನೆನಪಿಲ್ಲದಿದ್ದರೆ, ನೀವು ಮಾತಾಡುವಾಗ ಅವರ ಕಣ್ಣು ಬೇರೆ ಸ್ಕ್ರೀನಿನಲ್ಲಿ ಓಡುತ್ತಿದ್ದರೆ, ಅದು ಕೆಟ್ಟದ್ದು. ಕನ್ನಡಿ ಹೇಳಿಕೊಟ್ಟವರ ಹತ್ತಿರ ನಾನು ಏಳು ಸೆಷನ್ ಹೋದೆ. ಪ್ರತಿ ಸಲ ‘ಹೇಗನ್ನಿಸುತ್ತಿದೆ?’ ಅಂದಾಗ ‘ಚೆನ್ನಾಗಿದೆ ಮೇಡಂ’ ಅಂದೆ. ಅವರಿಗೆ ಬೇಜಾರಾಗಬಾರದೆಂದು ನನ್ನ ಚಿಕಿತ್ಸೆಯನ್ನೇ ಬಿಟ್ಟುಕೊಟ್ಟೆ. ಒಗ್ಗದಿದ್ದದ್ದನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ, ಒಳ್ಳೆಯ ಥೆರಪಿಸ್ಟ್ ಅಲ್ಲಿಂದಲೇ ದಾರಿ ಬದಲಿಸುತ್ತಾರೆ. ಬದಲಾಗದಿದ್ದರೆ ಎರಡು ಸಾಲು ಸಾಕು: ‘ನಿಮ್ಮ ಸಮಯಕ್ಕೆ ಧನ್ಯವಾದ. ಈ ವಿಧಾನ ನನಗೆ ಹೊಂದುತ್ತಿಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.’ ಕಾರಣ ಕೊಡಬೇಕಾಗಿಲ್ಲ. ಬೇರೆ ಯಾರನ್ನಾದರೂ ಸೂಚಿಸುತ್ತೀರಾ ಎಂದು ಬೇಕಾದರೆ ಕೇಳಿ.

ಎರಡನೆಯವರು ಪ್ರತಿ ಸೆಷನ್ ಕೊನೆಗೆ ಬೇರೆಯೇ ಪ್ರಶ್ನೆ ಕೇಳುತ್ತಿದ್ದರು: ‘ಇವತ್ತು ಯಾವುದು ಸರಿ ಹೋಗಲಿಲ್ಲ?’ ಐದು ವಾರ ‘ಎಲ್ಲ ಸರಿಯಿತ್ತು’ ಅಂದೆ. ಆರನೆಯ ವಾರ, ‘ಅಮ್ಮನ ವಿಷಯ ಬಂದಾಗ ನೀವು ಬೇಗ ಮುಂದೆ ಹೋಗಿಬಿಟ್ಟಿರಿ’ ಅಂದೆ. ಹೇಳಿದ ಮೇಲೆ ಕೈ ತಣ್ಣಗಾಯಿತು. ಅವರು ಪೆನ್ನು ಕೆಳಗಿಟ್ಟರು. ‘ಹೌದು, ಹೋದೆ. ಇನ್ನೂ ಎಂಟು ನಿಮಿಷ ಇದೆ, ಅಲ್ಲಿಗೇ ವಾಪಸ್ ಹೋಗೋಣವಾ?’ ಅಂದರು. ಹೋದೆವು.