ಪುರುಷ ಬಂಜೆತನ: ಮಿಥೈಲೇಶನ್ ಪರೀಕ್ಷೆಗೆ ಹಣ ಕಟ್ಟುವ ಮೊದಲು

ಗರ್ಭನಿರೋಧಕ ಬಳಸದೆ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತಪಾಸಣೆಗೆ ಹೋಗಬೇಕು. ಕರಾವಳಿಯಲ್ಲೂ ಘಟ್ಟದ ಮೇಲೂ ಹೆಂಡತಿಗೆ ಸ್ಕ್ಯಾನಿಂಗ್, ಔಷಧ, ಹರಕೆ ಎಲ್ಲವೂ ಮುಗಿದ ಮೇಲೆ ಗಂಡನ ಸರದಿ ಬರುವುದುಂಟು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಇರುವುದರಿಂದ ಇದು ಆಕೆಗೆ ಮಾಡುವ ಅನ್ಯಾಯ.

ಡಿಎನ್‌ಎಯ ಅಕ್ಷರಕ್ರಮವನ್ನು ಬದಲಿಸದೆ, ಅದರ ಸೈಟೋಸಿನ್ ಎಂಬ ಘಟಕಕ್ಕೆ ಮಿಥೈಲ್ ಗುಂಪು ಅಂಟಿಕೊಂಡು ವಂಶವಾಹಿಯ ಕೆಲಸವನ್ನು ನಿಯಂತ್ರಿಸುವುದೇ ಮಿಥೈಲೇಶನ್. ವೀರ್ಯಾಣು ರೂಪುಗೊಳ್ಳುವಾಗ ಹಳೆಯ ಮಿಥೈಲ್ ಗುರುತುಗಳು ಅಳಿಸಿ ಹೊಸವು ಮೂಡುತ್ತವೆ. ಎಚ್19 ವಂಶವಾಹಿಯ ನಿಯಂತ್ರಣ ಭಾಗದಲ್ಲಿ ಈ ಗುರುತು ಇರಬೇಕು, ಮೆಸ್ಟ್ ವಂಶವಾಹಿಯಲ್ಲಿ ಇರಬಾರದು. ವೀರ್ಯಾಣು ಸಂಖ್ಯೆ ಕಡಿಮೆಯಿರುವ ಕೆಲವರಲ್ಲಿ ಮೊದಲನೆಯದು ಕುಂದಿರುವುದೂ ಎರಡನೆಯದು ಹೆಚ್ಚಿರುವುದೂ ಕಂಡುಬಂದಿದೆ. ಆದರೆ ಗುರುತಿನ ವ್ಯತ್ಯಾಸವೂ ಕಡಿಮೆ ಸಂಖ್ಯೆಯೂ ಜೊತೆಯಾಗಿ ಕಂಡವು ಎಂದಮಾತ್ರಕ್ಕೆ ಅದೇ ಬಂಜೆತನದ ಕಾರಣವೆಂದು ಸಿದ್ಧವಾಗುವುದಿಲ್ಲ. ಆದ್ದರಿಂದಲೇ ವೀರ್ಯಾಣುಗಳಲ್ಲಿ ಈ ಗುರುತುಗಳನ್ನು ನೋಡುವ ಮಿಥೈಲೇಶನ್ ಪರೀಕ್ಷೆ ಇನ್ನೂ ದಿನನಿತ್ಯದ ತಪಾಸಣೆಯ ಭಾಗವಾಗಿಲ್ಲ.

ಮೊದಲು ಸಾಮಾನ್ಯ ವೀರ್ಯ ಪರೀಕ್ಷೆಯನ್ನು ಸರಿಯಾಗಿ ಮಾಡಿಸಿ. 2ರಿಂದ 7 ದಿನ ಸ್ಖಲನವಿಲ್ಲದೆ ಇದ್ದು, ಲ್ಯಾಬ್‌ನವರು ಕೊಟ್ಟ ಡಬ್ಬಿಯಲ್ಲೇ ಪೂರ್ತಿ ಮಾದರಿಯನ್ನು ಹಿಡಿಯಬೇಕು. ಮೊದಲ ಹನಿಗಳು ಚೆಲ್ಲಿದ್ದರೆ ಸಂಕೋಚಪಡದೆ ಹೇಳಿ, ಏಕೆಂದರೆ ವೀರ್ಯಾಣುಗಳು ಹೆಚ್ಚಾಗಿರುವುದು ಅವುಗಳಲ್ಲೇ. ಎಣ್ಣೆಯಾಗಲಿ ಸಾಮಾನ್ಯ ಕಾಂಡೋಮ್ ಆಗಲಿ ಬೇಡ. ಮಾದರಿ ಒಂದು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಶಿರಸಿಯಿಂದ ಹುಬ್ಬಳ್ಳಿಗೆ, ಹೊನ್ನಾವರದಿಂದ ಮಣಿಪಾಲಕ್ಕೆ ಹೋಗುವವರು ಮನೆಯಿಂದ ಡಬ್ಬಿ ಒಯ್ದರೆ ವರದಿ ಕೆಟ್ಟದ್ದಾಗಿಯೇ ಬರಬಹುದು. ಅಲ್ಲಿನ ಕೋಣೆಯಲ್ಲೇ ಮಾದರಿ ಕೊಡಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲಿಸುವ ವೀರ್ಯಾಣುಗಳು ಒಟ್ಟು ಶೇ 42. ಇದಕ್ಕಿಂತ ಕಡಿಮೆ ಬಂದರೂ ಒಂದೇ ವರದಿಯಿಂದ ತೀರ್ಮಾನಿಸದೆ ಮತ್ತೊಮ್ಮೆ ಪರೀಕ್ಷಿಸಿ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಾಗುವುದರಿಂದ, ಮಳೆಗಾಲದಲ್ಲಿ ಬಂದುಹೋದ ಜ್ವರದ ಪರಿಣಾಮ ಎರಡು ಮೂರು ತಿಂಗಳ ನಂತರದ ವರದಿಯಲ್ಲೂ ಉಳಿದಿರಬಹುದು. ವೃಷಣದ ರಕ್ತನಾಳಗಳು ಉಬ್ಬಿರುವ ವೆರಿಕೋಸೀಲ್ ಇದೆಯೇ ಎಂದು ಯುರಾಲಜಿಸ್ಟ್ ಕೈಯಿಂದ ಮುಟ್ಟಿ ನೋಡಬೇಕು. ಸಂಖ್ಯೆ ಮಿಲಿಲೀಟರಿಗೆ 50 ಲಕ್ಷಕ್ಕಿಂತ ಕಡಿಮೆಯಿದ್ದರೆ ವರ್ಣತಂತುಗಳ ಮತ್ತು ವೈ ವರ್ಣತಂತುವಿನ ಲೋಪದ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಅವು ಮಿಥೈಲೇಶನ್‌ಗಿಂತ ಮುಂಚೆ ಆಗಬೇಕಾದವು.

ಬೀಡಿ, ಸಿಗರೇಟು ಬಿಡಿ. ಧೂಮಪಾನಿಗಳ ವೀರ್ಯಾಣುಗಳಲ್ಲಿ ಮಿಥೈಲ್ ಗುರುತುಗಳ ವ್ಯತ್ಯಾಸ ಕಂಡಿದೆ. ಗುಟ್ಕಾವನ್ನೂ ಬಿಡಿ. ಜಿಮ್‌ನಲ್ಲಿ ಕೊಡುವ ಟೆಸ್ಟೋಸ್ಟಿರೋನ್ ಚುಚ್ಚುಮದ್ದು ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸಬಲ್ಲದು. ಬೋಟಿನ ಎಂಜಿನ್ ಕೋಣೆಯಂಥ ಬಿಸಿಯಲ್ಲಿ ದುಡಿಯುವವರು ಅದನ್ನು ವೈದ್ಯರಿಗೆ ತಿಳಿಸಿ.

ಫೋಲಿಕ್ ಆಮ್ಲವು ದೇಹಕ್ಕೆ ಮಿಥೈಲ್ ಗುಂಪು ಒದಗಿಸುತ್ತದೆಂದು ಮಾತ್ರೆ ಮಾರುವವರಿದ್ದಾರೆ. ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಗಂಡಸರು ಆರು ತಿಂಗಳು ಫೋಲಿಕ್ ಆಮ್ಲ ಮತ್ತು ಸತುವು ಸೇವಿಸಿದರೂ ವೀರ್ಯದ ಗುಣಮಟ್ಟವಾಗಲಿ ಮಕ್ಕಳಾಗುವ ಪ್ರಮಾಣವಾಗಲಿ ಹೆಚ್ಚಲಿಲ್ಲ. ಮಿಥೈಲೇಶನ್ ಪರೀಕ್ಷೆಯನ್ನು ಯಾರಾದರೂ ಸೂಚಿಸಿದರೆ, ಅದರ ಫಲಿತಾಂಶ ಹೀಗೆ ಬಂದರೆ ಯಾವ ಚಿಕಿತ್ಸೆ, ಹಾಗೆ ಬಂದರೆ ಯಾವುದು ಎಂದು ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಹಣವನ್ನು ಎರಡನೆಯ ವೀರ್ಯ ಪರೀಕ್ಷೆಗೂ ಯುರಾಲಜಿಸ್ಟ್ ಭೇಟಿಗೂ ಇಟ್ಟುಕೊಳ್ಳಿ.