ರನ್‌ಫ್ಲ್ಯಾಟ್ ತೆಗೆದು ಮಾಮೂಲಿ ಟೈರ್: ಮೊದಲು ಡಿಕ್ಕಿ ನೋಡಿ, ಆಮೇಲೆ ಟೈರ್ ಅಂಗಡಿ

ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲ್ಯಾಟ್ ಟೈರ್ ನಾಲ್ಕನ್ನೂ ಬಿಚ್ಚಿ ಮಾಮೂಲಿ ನಾಲ್ಕು ಹಾಕುವುದು ಒಂದೆರಡು ಗಂಟೆಯ ಕೆಲಸ. ಅದನ್ನು ಅಂಗಡಿಯವರೇ ಮಾಡಿಕೊಡುತ್ತಾರೆ. ಅವರು ಮಾಡಿಕೊಡದ ಕೆಲಸ ಒಂದಿದೆ: ನಾಳೆ ದಾರಿ ಮಧ್ಯೆ ಪಂಕ್ಚರ್ ಆದರೆ ನೀವು ಏನು ಮಾಡುತ್ತೀರಿ? ಯಾರಾದರೂ ಈ ಬದಲಾವಣೆ ಬಗ್ಗೆ ಕೇಳಿದರೆ ನಾನು ಟೈರ್ ಕಂಪನಿ ಹೆಸರು ಹೇಳುವ ಮೊದಲು ಡಿಕ್ಕಿ ತೆಗೆಸಿ ನೋಡುತ್ತೇನೆ.

ನನ್ನದು ಮೂರು ಬಾಗಿಲಿನ ಪುಟ್ಟ ಹ್ಯಾಚ್‌ಬ್ಯಾಕ್. ಟೈರ್ ಅಳತೆ 195/55 ಆರ್16. ಶೋರೂಮಿನಿಂದ ಬಂದಾಗಲೇ ರನ್‌ಫ್ಲ್ಯಾಟ್ ಇತ್ತು. ಓಡಿಸೋಕೆ ಖುಷಿ ಕೊಡುವ ಕಾರು, ಆದರೆ ರಸ್ತೆಗೆ ಹಾಕಿದ ತೇಪೆಯೊಂದು ಸಿಕ್ಕರೂ ಸೊಂಟಕ್ಕೆ ನೇರವಾಗಿ ವರದಿ ಬರುತ್ತಿತ್ತು. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಗುಂಡಿ ಕಂಡ ಕೂಡಲೇ ಬಾಗಿಲಿನ ಹಿಡಿ ಹಿಡಿದುಕೊಳ್ಳುತ್ತಿದ್ದಳು. ಚಿಕ್ಕ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಕಡಿಮೆ, ಕಾರಿನ ತೂಕವೂ ಕಡಿಮೆ. ಹಾಗಾಗಿ ಗಟ್ಟಿ ಟೈರಿನ ಕಷ್ಟ ದೊಡ್ಡ ಕಾರಿಗಿಂತ ಇಲ್ಲಿ ಜಾಸ್ತಿಯೇ ಗೊತ್ತಾಗುತ್ತದೆ.

ರನ್‌ಫ್ಲ್ಯಾಟ್ ಗಟ್ಟಿ ಯಾಕೆ ಅಂದರೆ ಅದರ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆಯ ಒಳಗೆ ದಪ್ಪ ರಬ್ಬರಿನ ಪಟ್ಟಿ ಕೂರಿಸಿರುತ್ತಾರೆ. ಗಾಳಿ ಪೂರ್ತಿ ಹೋದರೂ ಆ ಗೋಡೆಯೇ ಕಾರಿನ ಭಾರ ಹೊರುತ್ತದೆ. ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರದಂತೆ ಸುಮಾರು 80 ಕಿಲೋಮೀಟರ್ ದೂರ ಹೋಗಬಹುದು ಅನ್ನುವುದು ಲೆಕ್ಕ. ಕಾರಿನಲ್ಲಿ ಭಾರ ಜಾಸ್ತಿ ಇದ್ದರೆ ಅಷ್ಟು ದೂರ ಬರುವುದಿಲ್ಲ. ಸೈಡ್‌ವಾಲ್ ಹರಿದುಹೋದರೆ ರನ್‌ಫ್ಲ್ಯಾಟ್ ಕೂಡ ಕೈ ಎತ್ತುತ್ತದೆ, ಇದನ್ನು ಬಹಳ ಜನ ಮರೆತಿರುತ್ತಾರೆ. ಆದರೂ ಅದು ಕೊಡುವ ಧೈರ್ಯ ಸುಳ್ಳಲ್ಲ. ಮಳೆಯಲ್ಲಿ, ರಾತ್ರಿಯಲ್ಲಿ, ಹೆದ್ದಾರಿ ಅಂಚಿನಲ್ಲಿ ಇಳಿದು ಚಕ್ರ ಬಿಚ್ಚುವ ಪಾಡಿಲ್ಲ. ಒಬ್ಬರೇ ದೂರ ಓಡಾಡುವವರು, ಚಕ್ರ ಎತ್ತಿ ಕೂರಿಸಲು ಆಗದವರು, ರಸ್ತೆ ಬದಿ ಸಹಾಯ ಸುಲಭಕ್ಕೆ ಸಿಗದ ಕಡೆ ಇರುವವರು ಇದ್ದದ್ದನ್ನೇ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು. ಸೊಂಟ ನೋವಿಗಿಂತ ಅದು ಮುಖ್ಯ.

ಬದಲಿಸಲೇಬೇಕು ಅಂತಿದ್ದರೆ, ಮೊದಲು ನಿಮ್ಮ ಕಾರಿನಲ್ಲಿ ಇರುವುದು ನಿಜವಾಗಿಯೂ ರನ್‌ಫ್ಲ್ಯಾಟಾ ನೋಡಿ. ಸ್ಟೆಪ್ನಿ ಇಲ್ಲ ಅಂದ ಮಾತ್ರಕ್ಕೆ ರನ್‌ಫ್ಲ್ಯಾಟ್ ಅಂತಲ್ಲ. ಬರೀ ಪಂಕ್ಚರ್ ಕಿಟ್ ಕೊಟ್ಟು ಕಳಿಸುವ ಕಾರುಗಳೂ ಬೇಕಾದಷ್ಟಿವೆ. ಸೈಡ್‌ವಾಲ್ ಮೇಲೆ ಗುರುತು ಹುಡುಕಿ. ಬ್ರಿಡ್ಜ್‌ಸ್ಟೋನ್‌ನಲ್ಲಿ ಆರ್‌ಎಫ್‌ಟಿ, ಮಿಶೆಲಿನ್‌ನಲ್ಲಿ ಜಡ್‌ಪಿ, ಕಾಂಟಿನೆಂಟಲ್‌ನಲ್ಲಿ ಎಸ್‌ಎಸ್‌ಆರ್, ಗುಡ್‌ಇಯರ್‌ನಲ್ಲಿ ಆರ್‌ಒಎಫ್ ಅಂತ ಇರುತ್ತದೆ. ಬಿಎಂಡಬ್ಲ್ಯು, ಮಿನಿ ಕಾರುಗಳಿಗೆ ಬರುವ ಟೈರಿನಲ್ಲಿ ಆರ್‌ಎಸ್‌ಸಿ ಅನ್ನುವ ಅಕ್ಷರಗಳೂ ಕಾಣಬಹುದು.

ಈಗ ಡಿಕ್ಕಿಗೆ ಬನ್ನಿ. ತಳದ ಹಲಗೆ ಎತ್ತಿ ನೋಡಿ. ಸ್ಟೆಪ್ನಿಗೆ ಗುಂಡನೆಯ ಜಾಗ ಇದ್ದರೆ ನಿಮ್ಮ ಪುಣ್ಯ. ಹೆಚ್ಚಿನ ಸಣ್ಣ ರನ್‌ಫ್ಲ್ಯಾಟ್ ಕಾರುಗಳಲ್ಲಿ ಅಲ್ಲಿ ಬ್ಯಾಟರಿಯೋ ಸೈಲೆನ್ಸರೋ ಜಾಗ ಹಿಡಿದಿರುತ್ತದೆ. ಜಾಕಿ ಇಲ್ಲ, ವೀಲ್ ಸ್ಪ್ಯಾನರ್ ಇಲ್ಲ. ಚಕ್ರಕ್ಕೆ ಕಳ್ಳರ ಕಾಟ ತಪ್ಪಿಸುವ ಲಾಕ್ ಬೋಲ್ಟ್ ಇದ್ದರೆ ಅದರ ಕೀ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಅದನ್ನು ಇವತ್ತೇ ಹುಡುಕಿ. ಆ ಕೀ ಇಲ್ಲದಿದ್ದರೆ ಅಂಗಡಿಯಲ್ಲೂ ಚಕ್ರ ಬಿಚ್ಚುವುದು ಕಷ್ಟ.

ಜಾಗ ಇಲ್ಲದವರಿಗೆ ಮೊದಲ ದಾರಿ ಗಾಳಿ ಹೊಡೆಯುವ 12 ವೋಲ್ಟಿನ ಚಿಕ್ಕ ಕಂಪ್ರೆಸರ್ ಮತ್ತು ಒಂದು ಸೀಲೆಂಟ್ ಬಾಟಲಿ. ವಾಲ್ವ್ ಮೂಲಕ ದ್ರವ ಒಳಗೆ ಬಿಟ್ಟು, ಗಾಳಿ ತುಂಬಿ, ನಿಧಾನವಾಗಿ ಓಡಿಸಿದರೆ ತೂತು ಮುಚ್ಚಿಕೊಳ್ಳುತ್ತದೆ. ಮೊಳೆ ಚುಚ್ಚಿದ ಸಣ್ಣ ತೂತಿಗೆ ಇದು ಸಾಕು. ಸೈಡ್‌ವಾಲ್ ಸೀಳಿದರೆ, ಗುಂಡಿಗೆ ಬಡಿದು ರಿಮ್ ಬಾಗಿದರೆ ಏನೂ ಉಪಯೋಗವಿಲ್ಲ. ಬಾಟಲಿ ಮೇಲೆ ಔಷಧಿಯ ಹಾಗೆ ಕೊನೆಯ ದಿನಾಂಕ ಇರುತ್ತದೆ, ನೋಡಿ ಕೊಳ್ಳಿ. ಸೀಲೆಂಟ್ ಬಿಟ್ಟ ಟೈರನ್ನು ರಿಪೇರಿಗೆ ಕೊಡುವಾಗ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬಿಚ್ಚಿದವನ ಮೈಮೇಲೆ ಅಂಟು ಚೆಲ್ಲಿ ಅವನಿಂದ ಬೈಸಿಕೊಳ್ಳಬೇಕಾಗುತ್ತದೆ.

ನನಗೆ ಸೀಲೆಂಟಿಗಿಂತ ಇಷ್ಟ ಪ್ಲಗ್ ಕಿಟ್. ಅದರಲ್ಲಿ ಟಿ ಆಕಾರದ ಹಿಡಿಯಿರುವ ಎರಡು ಸಲಕರಣೆ, ಅಂಟು ಸವರಿದ ಕಂದು ಬಣ್ಣದ ದಾರದ ತುಂಡುಗಳು, ಇಷ್ಟೇ ಇರುತ್ತದೆ. ಸುಮ್ನೆ ಕೊಂಡಿಟ್ಟರೆ ಸಾಲದು, ಒಮ್ಮೆ ಕೈಯಾರೆ ಮಾಡಿ ನೋಡಿರಬೇಕು. ಬಿಸಾಡಲು ಇಟ್ಟ ಹಳೇ ಮಾಮೂಲಿ ಟೈರ್ ಸಿಕ್ಕರೆ ಅದರಲ್ಲೇ ಅಭ್ಯಾಸ ಮಾಡಿ. ಮೊಳೆ ಇದ್ದ ಜಾಗಕ್ಕೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ಅಂತ ನೋಡಿಕೊಂಡು ಇಕ್ಕಳದಿಂದ ಎಳೆಯಿರಿ. ಅದೇ ಓರೆಯಲ್ಲಿ ಗರಗಸದಂತಹ ಅರವನ್ನು ತೂರಿಸಿ ಮೇಲೆ ಕೆಳಗೆ ಆಡಿಸಿ. ಇಲ್ಲೇ ಎಲ್ಲರಿಗೂ ಬೆವರಿಳಿಯುವುದು, ಯಾಕಂದರೆ ಟೈರಿನ ಒಳಗೆ ಉಕ್ಕಿನ ತಂತಿಗಳಿವೆ, ಅವು ಬಿಡುವುದಿಲ್ಲ. ಮೈಭಾರ ಹಾಕಿ ಒತ್ತಬೇಕು. ಅರ ಸಲೀಸಾಗಿ ಆಡತೊಡಗಿದ ಮೇಲೆ ದಾರವನ್ನು ಸೂಜಿಯ ಕಣ್ಣಿಗೆ ಅರ್ಧದವರೆಗೆ ಪೋಣಿಸಿ ಒಳಗೆ ತಳ್ಳಿ. ಎರಡೂ ತುದಿ ಬೆರಳಗಲದಷ್ಟು ಹೊರಗೆ ಉಳಿದಾಗ ನಿಲ್ಲಿಸಿ, ಸೂಜಿಯನ್ನು ಒಂದೇ ಏಟಿಗೆ ಹೊರಗೆಳೆಯಿರಿ. ದಾರ ಒಳಗೇ ಉಳಿಯುತ್ತದೆ. ಗಾಳಿ ತುಂಬಿ, ಎಂಜಲೋ ಸೋಪು ನೀರೋ ಹಚ್ಚಿ ನೋಡಿ. ಗುಳ್ಳೆ ಬರದಿದ್ದರೆ ಮೇಲೆ ಚಾಚಿದ ದಾರ ಕತ್ತರಿಸಿ ಹೊರಡಿ. ಇದು ಊರು ಸೇರುವ ವ್ಯವಸ್ಥೆ ಮಾತ್ರ. ಆಮೇಲೆ ಟೈರ್ ಬಿಚ್ಚಿಸಿ, ಒಳಗಿನಿಂದ ಪರೀಕ್ಷೆ ಮಾಡಿಸಿ, ಸರಿಯಾದ ಪ್ಯಾಚ್ ಹಾಕಿಸಿ. ಇಷ್ಟೆಲ್ಲ ನೆಲಕ್ಕೆ ತಾಗುವ ಪಟ್ಟಿಯ ತೂತಿಗೆ ಮಾತ್ರ. ಸೈಡ್‌ವಾಲಿಗೆ ಪ್ಲಗ್ ಹಾಕಲೇಬೇಡಿ.

ಎರಡನೆಯ ದಾರಿ ಸ್ಪೇಸ್ ಸೇವರ್, ಅಂದರೆ ತೆಳು ಸ್ಟೆಪ್ನಿ. ನಿಮ್ಮ ಕಾರಿನ ಬೋಲ್ಟ್ ಲೆಕ್ಕಕ್ಕೆ ಹೊಂದುವುದನ್ನೇ ತನ್ನಿ, ತಂದ ದಿನವೇ ಮನೆ ಮುಂದೆ ಸಮತಟ್ಟಾದ ಜಾಗದಲ್ಲಿ ಹಾಕಿ ನೋಡಿ. ಬೋಲ್ಟ್ ಕೂತರೆ ಸಾಲದು, ಮುಂದಿನ ಬ್ರೇಕ್ ಕ್ಯಾಲಿಪರಿಗೆ ರಿಮ್ ತಾಗುತ್ತದಾ ಅಂತ ಚಕ್ರವನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಬೇಕು. ಜೋರು ಇಂಜಿನ್ನಿನ ಮಾದರಿಗಳಲ್ಲಿ ಬ್ರೇಕ್ ದೊಡ್ಡದಿರುತ್ತದೆ. ಅದೇ ಕಾರಿನ ಸಾದಾ ಮಾದರಿಯ ಸ್ಟೆಪ್ನಿ ಅಲ್ಲಿ ಹಿಡಿಯದೆ ಇರಬಹುದು. ಅಲಾಯ್ ಚಕ್ರಕ್ಕೂ ಉಕ್ಕಿನ ಸ್ಟೆಪ್ನಿಗೂ ಬೋಲ್ಟಿನ ಉದ್ದ ಒಂದೇ ಆಗುತ್ತದಾ ಅದನ್ನೂ ನೋಡಿ. ಡಿಕ್ಕಿಯಲ್ಲಿ ಮಲಗಿಸಿದ ಸ್ಟೆಪ್ನಿಯನ್ನು ಪಟ್ಟಿ ಹಾಕಿ ಬಿಗಿಯಾಗಿ ಕಟ್ಟಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ಹಾರಿದರೆ ಸೀಟಿನ ಬೆನ್ನು ತಡೆಯುತ್ತದೆ ಅನ್ನುವ ನಂಬಿಕೆ ಬೇಡ.

ಜಾಕಿ ಕೊಳ್ಳುವಾಗ ಒಂದು ಮಾತು. ರನ್‌ಫ್ಲ್ಯಾಟಿನಲ್ಲಿ ಗಾಳಿ ಹೋದರೆ ಕಾರು ಅಷ್ಟೇನೂ ತಗ್ಗುವುದಿಲ್ಲ. ಮಾಮೂಲಿ ಟೈರ್ ಹಾಗಲ್ಲ, ರಿಮ್ ನೆಲಕ್ಕೆ ಕೂತುಬಿಡುತ್ತದೆ. ನನ್ನ ಟೈರಿನ ಅಳತೆಯಲ್ಲಿ ಸೈಡ್‌ವಾಲ್ ಎತ್ತರವೇ 195ರ ಶೇಕಡಾ 55, ಸುಮಾರು 107 ಮಿಲಿಮೀಟರ್, ಅಂದರೆ ಆ ಮೂಲೆ ಹಲವು ಸೆಂಟಿಮೀಟರ್ ಕೆಳಗೆ ಬರುತ್ತದೆ. ಟೈರ್ ಚೆನ್ನಾಗಿದ್ದಾಗ ಆರಾಮಾಗಿ ತೂರುವ ಜಾಕಿ ಆಗ ತೂರದೇ ಇರಬಹುದು. ಪೂರ್ತಿ ಇಳಿಸಿದಾಗ ತೀರಾ ಕುಳ್ಳಗಾಗುವ ಜಾಕಿ ಆರಿಸಿ. ಎಲ್ಲಿ ಆನಿಸಬೇಕು ಅಂತ ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತದೆ.

ಇಷ್ಟು ತಯಾರಾದರೆ ಟೈರ್ ಆರಿಸುವುದು ಸುಲಭ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಅಳತೆ, ಗಾಳಿ ಒತ್ತಡ ಬರೆದ ಚೀಟಿ ಕಾಣುತ್ತದೆ. ಅಳತೆ ಅದೇ ಇರಲಿ. ಅಳತೆಯ ನಂತರ 87 ವಿ ಅಂತ ಇದ್ದರೆ, 87 ಅಂದರೆ ಒಂದು ಟೈರ್ 545 ಕಿಲೋ ಹೊರಬಲ್ಲದು, ವಿ ಅಂದರೆ ಗಂಟೆಗೆ 240 ಕಿಲೋಮೀಟರ್ ವೇಗ ತಡೆಯಬಲ್ಲದು. ನಾನ್ಯಾಕೆ ಅಷ್ಟು ಜೋರಾಗಿ ಹೋಗಲಿ ಅಂತ ಕಡಿಮೆ ದರ್ಜೆ ತರಬೇಡಿ. ಭಾರದ ಸಂಖ್ಯೆಯಂತೂ ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಹೋಗಲೇಬಾರದು. ಟೈರ್ ಎಷ್ಟು ಹಳೆಯದು ಅಂತ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಹೇಳುತ್ತದೆ. 1425 ಅಂತಿದ್ದರೆ 2025ರ ಹದಿನಾಲ್ಕನೆಯ ವಾರದಲ್ಲಿ ಮಾಡಿದ್ದು. ನಾಲ್ಕೂ ಒಟ್ಟಿಗೆ ಬದಲಿಸಿ. ಎರಡು ಈಗ, ಎರಡು ಆಮೇಲೆ ಅನ್ನುವ ಉಳಿತಾಯ ಇಲ್ಲಿ ಬೇಡ. ಮುಂದೆ ಮೆತ್ತಗೆ, ಹಿಂದೆ ಗಟ್ಟಿ ಆದರೆ ತಿರುವಿನಲ್ಲಿ ಕಾರಿನ ನಡತೆಯೇ ಬದಲಾಗುತ್ತದೆ.

ರಿಮ್ ಬದಲಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ರನ್‌ಫ್ಲ್ಯಾಟ್ ರಿಮ್ಮಿನಲ್ಲಿ ಟೈರಿನ ಅಂಚು ಜಾರದಂತೆ ತಡೆಯುವ ಉಬ್ಬು ಸ್ವಲ್ಪ ಎತ್ತರ ಇರುತ್ತದೆ, ಅಷ್ಟೇ. ಅದೇ ಅಳತೆಯ ಮಾಮೂಲಿ ಟ್ಯೂಬ್‌ಲೆಸ್ ಟೈರ್ ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ.

ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ನೋಡಿ. ರನ್‌ಫ್ಲ್ಯಾಟ್ ಬಿಚ್ಚಲು ಒತ್ತಿ ಹಿಡಿಯುವ ಸಹಾಯಕ ತೋಳಿರುವ ಯಂತ್ರ ಬೇಕು. ಬರೀ ಕಬ್ಬಿಣದ ಪಟ್ಟಿ ಹಾಕಿ ಎಬ್ಬಿದರೆ ಅಲಾಯ್ ಅಂಚು ಹಾಳಾಗುತ್ತದೆ. ವಾಲ್ವ್ ಬುಡದಲ್ಲಿ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಕೆಲಸ ಶುರುವಾಗುವ ಮೊದಲೇ ಹೇಳಿ. ಟೈರ್ ಕಳಚಿದ ಮೇಲೆ ಬರಿ ರಿಮ್ಮನ್ನು ಒರೆಸಿ, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಲು ಕೇಳಿ. ಗಟ್ಟಿ ಟೈರಿನಿಂದ ಗುಂಡಿಯ ಏಟು ನೇರ ರಿಮ್ಮಿಗೇ ಹೋಗಿರುತ್ತದೆ. ಒಳ ಅಂಚಿನಲ್ಲಿ ಕೂದಲೆಳೆ ಬಿರುಕು ಇದ್ದರೆ ಇದೇ ಸಮಯಕ್ಕೆ ಸಿಗಬೇಕು. ರಬ್ಬರ್ ವಾಲ್ವ್ ಆದರೆ ಹೊಸದು ಹಾಕಿಸಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಲಿ. ಬೋಲ್ಟನ್ನು ಗನ್ನಿನಲ್ಲಿ ಸುಮ್ನೆ ಬಡಿದು ಬಿಡುವುದಲ್ಲ, ಕೊನೆಗೆ ಟಾರ್ಕ್ ರೆಂಚಿನಿಂದ ಮ್ಯಾನುಯಲ್ ಹೇಳಿದಷ್ಟೇ ಬಿಗಿಸಬೇಕು. ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ಗಾಳಿ ಎಷ್ಟು? ಬಾಗಿಲಿನ ಚೀಟಿಯಲ್ಲಿ ಇದ್ದಷ್ಟೇ, ಟೈರ್ ತಣ್ಣಗಿರುವಾಗ. ಇನ್ನೂ ಮೆತ್ತಗಾಗಲಿ ಅಂತ ಗಾಳಿ ಇಳಿಸುವವರಿದ್ದಾರೆ. ರನ್‌ಫ್ಲ್ಯಾಟಿನ ಗೋಡೆ ಈಗ ಇಲ್ಲ ಅಲ್ವಾ? ಭಾರ ಹೊರುವುದು ಗಾಳಿಯೇ. ಕಡಿಮೆ ಮಾಡಿದರೆ ಅಂಚು ಸವೆಯುತ್ತದೆ, ಟೈರ್ ಬಿಸಿಯಾಗುತ್ತದೆ. ಗಾಳಿ ಸರಿ ಮಾಡಿದ ಮೇಲೆ ಟಿಪಿಎಂಎಸ್, ಅಂದರೆ ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆಯನ್ನು ರೀಸೆಟ್ ಮಾಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮೂಲಕ ಚಕ್ರದ ವೇಗ ಹೋಲಿಸುವ ಬಗೆಯಲ್ಲಿ ಇದು ಕಡ್ಡಾಯ. ಯಾಕಂದರೆ ಆ ಗಳಿಗೆಯ ಗಾಳಿಯನ್ನೇ ಅದು ಸರಿ ಅಂತ ಕಲಿತುಕೊಳ್ಳುತ್ತದೆ.

ಮೊದಲ 300 ಕಿಲೋಮೀಟರ್ ಹುಷಾರಾಗಿ ಓಡಿಸಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುತ್ತದೆ, ಹಿಡಿತ ಪೂರ್ತಿ ಬಂದಿರುವುದಿಲ್ಲ. ವ್ಯತ್ಯಾಸ ಮಾತ್ರ ಅಂಗಡಿಯ ಗೇಟಿನ ಹಂಪಿನಲ್ಲೇ ಗೊತ್ತಾಯಿತು ನನಗೆ. ಸ್ಟಿಯರಿಂಗ್ ತಿರುಗಿಸಿದರೆ ಮೊದಲಿನ ಚುರುಕು ಒಂದು ಕೂದಲಷ್ಟು ಕಡಿಮೆ, ಸೈಡ್‌ವಾಲ್ ಸ್ವಲ್ಪ ಬಾಗಿ ಆಮೇಲೆ ಹಿಡಿಯುತ್ತದೆ. ಕೆಲವರಿಗೆ ಇದು ಬೇಸರ ತರುತ್ತದೆ. ನನಗೆ ಎರಡನೇ ವಾರಕ್ಕೆ ಮರೆತೇ ಹೋಯಿತು. ಒಳಗಿನ ಪ್ಲಾಸ್ಟಿಕ್ಕಿನ ಕಟಕಟ ನಿಂತಿದ್ದು ಹೆಂಡತಿಗೇ ಮೊದಲು ಗೊತ್ತಾಗಿದ್ದು.

ಒಂದು ಅಭ್ಯಾಸ ಬಿಡಲೇಬೇಕು. ರನ್‌ಫ್ಲ್ಯಾಟಿನಲ್ಲಿ ಎಚ್ಚರಿಕೆ ದೀಪ ಬಂದರೆ ಮನೆಯವರೆಗೂ ಹೋಗಿಬಿಡುತ್ತಿದ್ದೆವು. ಈಗ ದೀಪ ಬಂದರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಬೇಕು. ಗಾಳಿಯಿಲ್ಲದ ಮಾಮೂಲಿ ಟೈರ್ ಮೇಲೆ ಒಂದೆರಡು ಕಿಲೋಮೀಟರ್ ಎಳೆದರೂ ಟೈರಿನ ಜೊತೆ ರಿಮ್ಮೂ ಹೋಗುತ್ತದೆ. ಮನೆಯಲ್ಲಿ ಆ ಕಾರು ಓಡಿಸುವ ಬೇರೆಯವರಿಗೂ ಇದನ್ನು ಹೇಳಿ, ಕಂಪ್ರೆಸರ್ ಎಲ್ಲಿದೆ ಅಂತ ತೋರಿಸಿ. ವಿಮೆ ಕಂಪನಿಗೆ ತಿಳಿಸಬೇಕಾ ಅಂತ ಪಾಲಿಸಿಯಲ್ಲಿ ನೋಡಿಕೊಳ್ಳಿ.

ತೆಗೆದ ರನ್‌ಫ್ಲ್ಯಾಟ್‌ಗಳಲ್ಲಿ ಜೀವ ಉಳಿದಿದ್ದರೆ ಮಾರಬಹುದು, ಆದರೆ ಟಿಪಿಎಂಎಸ್ ಇರುವ ಕಾರಿನವರಿಗೆ ಮಾತ್ರ. ಅದು ಇಲ್ಲದ ಕಾರಿನಲ್ಲಿ ಗಾಳಿ ಹೋಗಿದ್ದೇ ಓಡಿಸುವವರಿಗೆ ತಿಳಿಯುವುದಿಲ್ಲ. ಗಾಳಿಯಿಲ್ಲದೆ ಒಮ್ಮೆ ಓಡಿದ ಟೈರ್ ಇದ್ದರೆ ಅದನ್ನು ಯಾರಿಗೂ ಕೊಡಬೇಡಿ, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಬೆಂದಿರಬಹುದು. ಹೊಸದಾಗಿ ತಂದ ಸ್ಪೇಸ್ ಸೇವರಿಗೆ ಗಾಳಿ ಜಾಸ್ತಿ ಬೇಕು, ಸಾಮಾನ್ಯವಾಗಿ 60 ಪಿಎಸ್‌ಐ. ಅದರ ಮೇಲೆಯೇ ಬರೆದಿರುತ್ತದೆ, 80ರ ವೇಗಮಿತಿಯೂ ಅಲ್ಲೇ ಇರುತ್ತದೆ. ಉಳಿದ ನಾಲ್ಕಕ್ಕೆ ಗಾಳಿ ಹಾಕಿಸುವ ದಿನ ಡಿಕ್ಕಿ ತೆಗೆದು ಅದಕ್ಕೂ ಹಾಕಿಸಿ.