ಒಂದು ಸಂಜೆ ಕೂತು ಮನೆಯವರ ಫೋನ್ ಭದ್ರ ಮಾಡಿ

ಮೆಕ್ಕೆಜೋಳ ಮಾರಿದ ದುಡ್ಡು, ಗೃಹಲಕ್ಷ್ಮಿಯ 2000 ರೂಪಾಯಿ, ಪಿಎಂ ಕಿಸಾನ್ ಕಂತು, ಮಗಳ ಸ್ಕಾಲರ್‌ಶಿಪ್. ಇವೆಲ್ಲ ಈಗ ಬರುವುದು ಬ್ಯಾಂಕ್ ಖಾತೆಗೆ. ಬಂತು ಎಂದು ತಿಳಿಸುವುದು ಮೊಬೈಲ್. ದುಡ್ಡು ಹೊರಗೆ ಹೋಗುವುದೂ ಅದೇ ಮೊಬೈಲ್‌ನಿಂದ. ದಾವಣಗೆರೆ ಕಡೆಯ ಹಳ್ಳಿಗಳಲ್ಲಿ ಈ ಮಾತು ತೆಗೆದರೆ ಹಿರಿಯರು, ‘ನಮ್ ಹತ್ರ ಏನೈತಿ ಅಂತ ಕದೀತಾರೆ ಬಿಡು’ ಎನ್ನುತ್ತಾರೆ. ಆದರೆ ಕಳ್ಳರು ದೊಡ್ಡ ಖಾತೆಯನ್ನೇ ಹುಡುಕಿಕೊಂಡು ಬರುವುದಿಲ್ಲ. ಒಂದೇ ಸಂದೇಶವನ್ನು ಸಾವಿರಾರು ಜನರಿಗೆ ಕಳಿಸುತ್ತಾರೆ. ಯಾರು ಒತ್ತುತ್ತಾರೋ ಅವರ ಖಾತೆ ಖಾಲಿ. ಇರುವುದೇ ಸ್ವಲ್ಪ ದುಡ್ಡು ಎಂದಾಗ ಅದು ಹೋದರೆ ಮುಂದಿನ ಹಂಗಾಮಿನ ಬೀಜ, ಗೊಬ್ಬರಕ್ಕೇ ಕೈ ಚಾಚಬೇಕಾಗುತ್ತದೆ.

ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಈ ಕೆಲಸ ಅವರದು. ಅಪ್ಪ, ಅವ್ವ, ಅಜ್ಜಿ ಎಲ್ಲರ ಫೋನ್ ಒಟ್ಟಿಗೆ ಇಟ್ಟುಕೊಂಡು ಕೂರಿ. ಅವರ ಕೈಯಿಂದ ಫೋನ್ ಕಿತ್ತುಕೊಂಡು ನೀವೇ ಟಕಟಕ ಒತ್ತಬೇಡಿ. ಅವರೇ ಒತ್ತಲಿ, ನೀವು ಪಕ್ಕದಲ್ಲಿ ಕೂತು ಹೇಳಿ. ಪಿನ್‌ಗಳನ್ನೂ ಅವರೇ ಇಟ್ಟುಕೊಳ್ಳಲಿ.

ಮೊದಲು ಸಿಮ್

ಬಹಳ ಜನ ಪಾಸ್‌ವರ್ಡ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ಸಿಮ್‌ನಿಂದ. ಬ್ಯಾಂಕ್, ವಾಟ್ಸ್‌ಆ್ಯಪ್, ಜಿಮೇಲ್, ಆಧಾರ್ ಎಲ್ಲದರ ಒಟಿಪಿ ಬರುವುದು ಆ ನಂಬರಿಗೇ ಅಲ್ವಾ? ನಂಬರ್ ಬೇರೆಯವರ ಕೈಗೆ ಹೋದರೆ ಎಷ್ಟೇ ಗಟ್ಟಿ ಪಾಸ್‌ವರ್ಡ್ ಇದ್ದರೂ ಅವರು ಅದನ್ನು ಬದಲಿಸಿಬಿಡಬಹುದು.

ದುರ್ಗಾಂಬಿಕಾ ಜಾತ್ರೆಯ ನೂಕುನುಗ್ಗಲಲ್ಲಿ ಫೋನ್ ಹೋಯಿತು ಎಂದುಕೊಳ್ಳಿ. ಸ್ಕ್ರೀನ್ ಲಾಕ್ ಇದೆ, ಏನೂ ಆಗಲ್ಲ ಅನಿಸುತ್ತದೆ. ಕದ್ದವನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಅವನಿಗೆ ಬರುತ್ತವೆ. ಇದನ್ನು ತಡೆಯುವುದು ಸಿಮ್ ಲಾಕ್. ಸೆಟ್ಟಿಂಗ್ಸ್ ತೆರೆದು ‘ಸಿಮ್ ಲಾಕ್’ ಎಂದು ಹುಡುಕಿ, ಆನ್ ಮಾಡಿ. ಮೊದಲ ಸಲ ಕಂಪನಿಯ ಮೂಲ ಪಿನ್ ಕೇಳುತ್ತದೆ. ಅದನ್ನು ಕಸ್ಟಮರ್ ಕೇರ್‌ಗೆ ಕೇಳಿ ತಿಳಿದುಕೊಂಡೇ ಹಾಕಿ. ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಾದರೆ ಸಿಮ್ ಬ್ಲಾಕ್ ಆಗಿ, ಅದನ್ನು ಬಿಡಿಸಲು ಕಂಪನಿಯೇ ಕೊಡುವ ಪಿಯುಕೆ ಸಂಖ್ಯೆ ಕೇಳುತ್ತದೆ. ಆಮೇಲೆ ನಿಮ್ಮದೇ ಪಿನ್ ಇಡಿ. ಇನ್ನು ಮುಂದೆ ಫೋನ್ ಆಫ್ ಮಾಡಿ ಆನ್ ಮಾಡಿದಾಗ, ಸಿಮ್ ಬೇರೆ ಫೋನಿಗೆ ಹಾಕಿದಾಗ ಆ ಪಿನ್ ಬೇಕೇ ಬೇಕು.

ಜೊತೆಗೆ ಇನ್ನೊಂದು. ಲಾಕ್ ಆದ ಸ್ಕ್ರೀನ್ ಮೇಲೇ ಮೆಸೇಜ್ ಪೂರ್ತಿ ಕಾಣುವ ಹಾಗಿದ್ದರೆ ಒಟಿಪಿ ಓದಲು ಲಾಕ್ ತೆಗೆಯುವುದೇ ಬೇಡ. ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮರೆಮಾಡಿ.

ನಮ್ಮಲ್ಲಿ ಸಿಮ್ ಬದಲಾಯಿಸುವ ಅಭ್ಯಾಸ ಜಾಸ್ತಿ. ಕಡಿಮೆ ರೀಚಾರ್ಜ್ ಸಿಕ್ಕಿತೆಂದು ಹೊಸ ಸಿಮ್ ಹಾಕುತ್ತೇವೆ, ಹಳೆಯದನ್ನು ಬಿಸಾಡುತ್ತೇವೆ. ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಮಾತ್ರ ಹಳೇ ನಂಬರ್ ಹಾಗೇ ಇರುತ್ತದೆ. ಬಿಟ್ಟ ನಂಬರನ್ನು ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ. ಆಗ ನಿಮ್ಮ ಖಾತೆಯ ಮೆಸೇಜ್ ಯಾರಿಗೋ ಹೋಗುತ್ತದೆ. ಹಾಗಾಗಿ ಸಿಮ್ ಬಿಡುವ ಮೊದಲು ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ಹೋಗಿ ನಂಬರ್ ಬದಲಿಸಿ ಬನ್ನಿ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಇದೆ. ವೆಬ್‌ಸೈಟ್ ಶುರುವಾದದ್ದು 2023ರಲ್ಲಿ, ಆ್ಯಪ್ ಬಂದದ್ದು 2025ರಲ್ಲಿ. ನಿಮ್ಮ ನಂಬರ್, ಒಟಿಪಿ ಹಾಕಿದರೆ ಪಟ್ಟಿ ಬರುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ ‘ಇದು ನನ್ನದಲ್ಲ’ ಎಂದು ಅಲ್ಲೇ ತಿಳಿಸಬಹುದು.

ಜಿಮೇಲ್ ಮಾಡಿಕೊಟ್ಟವರು ಯಾರು?

ಅಪ್ಪ ಹೊಸ ಫೋನ್ ತಂದ ದಿನ ಅಂಗಡಿಯಲ್ಲೇ ಜಿಮೇಲ್ ಮಾಡಿಸಿಕೊಂಡು ಬಂದಿರುತ್ತಾರೆ. ಪಾಸ್‌ವರ್ಡ್ ಏನು ಎಂದು ಕೇಳಿದರೆ ಗೊತ್ತಿಲ್ಲ. ಎಷ್ಟೋ ಸಲ, ಪಾಸ್‌ವರ್ಡ್ ಮರೆತರೆ ಖಾತೆ ವಾಪಸ್ ಪಡೆಯಲು ಬೇಕಾದ ರಿಕವರಿ ನಂಬರ್ ಕೂಡ ಅಂಗಡಿಯವರದೇ. ಫೋಟೊ, ಕಾಂಟ್ಯಾಕ್ಟ್, ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲ ಈ ಖಾತೆಯಲ್ಲೇ ಇರುತ್ತವೆ. ಫೋನ್ ಕಳೆದಾಗ ಅದನ್ನು ಹುಡುಕುವುದೂ, ದೂರದಿಂದಲೇ ಅಳಿಸುವುದೂ ಈ ಖಾತೆಯಿಂದಲೇ. ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ಭದ್ರತೆ ಎಂಬ ಜಾಗಕ್ಕೆ ಹೋಗಿ. ಪಾಸ್‌ವರ್ಡ್ ಬದಲಿಸಿ, ರಿಕವರಿ ನಂಬರ್ ಮನೆಯವರದ್ದು ಹಾಕಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ‘ನಿಮ್ಮ ಸಾಧನಗಳು’ ಪಟ್ಟಿಯಲ್ಲಿ ಪರಿಚಯವಿಲ್ಲದ ಫೋನ್ ಇದ್ದರೆ ಸೈನ್ ಔಟ್ ಮಾಡಿ.

ಪಾಸ್‌ವರ್ಡ್ ಉದ್ದ ಇರಲಿ. ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದರೂ ಸಾಕು. ಹುಟ್ಟಿದ ವರ್ಷ, ಬೈಕ್ ನಂಬರ್ ಬೇಡ. ಮನೆಯಲ್ಲೇ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟರೆ ತಪ್ಪಿಲ್ಲ. ಫೋನ್ ಕವರ್‌ನ ಒಳಗೆ ಎಟಿಎಂ ಕಾರ್ಡು, ಅದರ ಹಿಂದೆ ಪಿನ್ ಬರೆದಿಡುತ್ತಾರಲ್ಲ, ಅದನ್ನು ಮಾತ್ರ ಇವತ್ತೇ ನಿಲ್ಲಿಸಿ.

ವಾಟ್ಸ್‌ಆ್ಯಪ್‌ಗೆ ಆರು ಅಂಕಿ

ಸೆಟ್ಟಿಂಗ್ಸ್, ಅಕೌಂಟ್, ಟು ಸ್ಟೆಪ್ ವೆರಿಫಿಕೇಶನ್. ಆರು ಅಂಕಿಯ ಪಿನ್ ಇಡಿ, ಇಮೇಲ್ ಸೇರಿಸಿ. ಯಾರಾದರೂ ಒಟಿಪಿ ಹೊಡೆದುಕೊಂಡರೂ ಈ ಪಿನ್ ಇಲ್ಲದೆ ನಿಮ್ಮ ನಂಬರಿನ ವಾಟ್ಸ್‌ಆ್ಯಪ್ ತೆರೆಯಲಾಗದು. ‘ಲಿಂಕ್ಡ್ ಡಿವೈಸಸ್’ ಕೂಡ ನೋಡಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಪ್ರಿಂಟ್ ತೆಗೆಯಲು ಲಾಗಿನ್ ಆದವರು ಔಟ್ ಆಗುವುದನ್ನು ಮರೆತಿರುತ್ತಾರೆ. ಆ ಸಾಲನ್ನು ಒತ್ತಿ ಲಾಗ್ ಔಟ್ ಕೊಡಿ.

ಎಪಿಕೆ ಎಂಬ ಬಾಗಿಲು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ. ನಮ್ಮ ಜಿಲ್ಲೆಗಳ ಜನರ ಬದುಕಿಗೆ ಹೊಂದುವ ಹಾಗೆಯೇ ಬಲೆ ಹೆಣೆದ ಮೋಸ ಇದು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೈಲ್ ಬರುತ್ತದೆ. ಹೆಸರು ‘ಪಿಎಂ ಕಿಸಾನ್’ ಅಂತಲೋ, ‘ಆರ್‌ಟಿಒ ಚಲನ್’ ಅಂತಲೋ, ಮದುವೆ ಕರೆಯೋಲೆ ಅಂತಲೋ ಇರುತ್ತದೆ. ಕಳಿಸಿದವರು ಗುರುತಿನವರೇ ಆಗಿರಬಹುದು. ಏಕೆಂದರೆ ಅವರ ಫೋನ್ ಆಗಲೇ ಕಳ್ಳರ ವಶವಾಗಿದ್ದು, ಅಲ್ಲಿಂದ ಗುಂಪುಗಳಿಗೆಲ್ಲ ತಾನಾಗಿ ಹೋಗಿರುತ್ತದೆ. ‘ಗೌಡ್ರು ಕಳಿಸಿದ್ದಾರೆ, ಕಾರ್ಡ್ ಇರಬೇಕು’ ಎಂದು ಒತ್ತಿದರೆ ಮುಗಿಯಿತು.

ಫೈಲಿನ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಫೋಟೊ ಅಲ್ಲ, ಪಿಡಿಎಫ್ ಅಲ್ಲ. ಅದೊಂದು ಆ್ಯಪ್. ಇನ್‌ಸ್ಟಾಲ್ ಆಗುವಾಗ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ನಾವು ‘ಅಲೋ’ ಒತ್ತುತ್ತೇವೆ. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿ ನಿಮಗಿಂತ ಮೊದಲು ಕಳ್ಳನಿಗೆ ಸಿಗುತ್ತದೆ. ‘ನಾನು ಯಾರಿಗೂ ಒಟಿಪಿ ಹೇಳಲೇ ಇಲ್ಲ’ ಎಂದು ಕಣ್ಣೀರಿಡುವವರ ಮಾತು ನಿಜವೇ ಆಗಿರುತ್ತದೆ. ಅವರನ್ನು ದಡ್ಡರು ಎಂದು ಬೈಯುವುದು ಅನ್ಯಾಯ.

ತಡೆಯುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ. ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆಯೂ ಆಫ್ ಇರಬೇಕು. ಆಮೇಲೆ ಪ್ಲೇ ಸ್ಟೋರ್ ತೆರೆದು, ಕೆಟ್ಟ ಆ್ಯಪ್ ಪತ್ತೆ ಮಾಡುವ ಪ್ಲೇ ಪ್ರೊಟೆಕ್ಟ್ ಆನ್ ಇದೆಯಾ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ಫೈಲ್ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ. ಡೇಟಾ ಕೂಡ ಉಳಿಯುತ್ತದೆ.

ಆಗಲೇ ಒತ್ತಿಬಿಟ್ಟಿದ್ದರೆ? ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ, ಸಿಮ್ ಹೊರಗೆ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಕಾರ್ಡು, ನೆಟ್ ಬ್ಯಾಂಕಿಂಗ್ ನಿಲ್ಲಿಸಲು ಹೇಳಿ. ಇಂಥ ಆ್ಯಪ್ ಸ್ಕ್ರೀನ್ ಮೇಲಿನ ತನ್ನ ಚಿತ್ರವನ್ನೇ ಅಡಗಿಸಿಕೊಳ್ಳಬಹುದು. ಹಾಗಾಗಿ ಸುಮ್ನೆ ಡಿಲೀಟ್ ಮಾಡಿ ಸಮಾಧಾನ ಪಡಬೇಡಿ. ಫೋಟೊಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ, ಅಂದರೆ ಅದರಲ್ಲಿರುವುದನ್ನೆಲ್ಲ ಅಳಿಸುವುದೇ ಒಳ್ಳೆಯದು. ನಿಮ್ಮ ಗುಂಪುಗಳಿಗೂ ‘ನನ್ನಿಂದ ಬಂದ ಫೈಲ್ ತೆರೆಯಬೇಡಿ’ ಎಂದು ಬೇರೆ ಫೋನಿನಿಂದ ಹೇಳಿಸಿ. ನಾಚಿಕೊಂಡು ಸುಮ್ಮನಿದ್ದರೆ ಇನ್ನೊಬ್ಬರ ಮನೆಗೆ ಹೋಗುತ್ತದೆ.

ದುಡ್ಡನ್ನು ಎರಡು ಕಡೆ ಇಡಿ

ಅಡಿಕೆ ಮಾರಿ ಬಂದ ಲಕ್ಷಗಟ್ಟಲೆ ದುಡ್ಡು ಇರುವ ಖಾತೆಗೇ ಫೋನ್‌ಪೇ, ಗೂಗಲ್ ಪೇ ಜೋಡಿಸಿ, ಅದರಿಂದಲೇ ಟೀ ಬಿಲ್ ಕೊಡುತ್ತೇವೆ. ಇದು ಬೇಡ. ಚನ್ನಗಿರಿಯ ಅಡಿಕೆ ಬೆಳೆಗಾರರಿರಲಿ, ಚಳ್ಳಕೆರೆಯ ಶೇಂಗಾ ಬೆಳೆಗಾರರಿರಲಿ, ಬೆಳೆಯ ದುಡ್ಡಿಗೆ ಒಂದು ಖಾತೆ, ದಿನದ ಖರ್ಚಿಗೆ ಇನ್ನೊಂದು ಖಾತೆ ಮಾಡಿಕೊಳ್ಳಿ. ಯುಪಿಐ ಇರುವುದು ಎರಡನೆಯದಕ್ಕೆ ಮಾತ್ರ. ಏನೇ ತಪ್ಪಾದರೂ ಹೋಗುವುದು ಅದರಲ್ಲಿರುವಷ್ಟೇ. ಈ ಲೇಖನದಲ್ಲಿ ಒಂದೇ ಕೆಲಸ ಮಾಡಲು ಸಮಯ ಇದೆ ಎಂದರೆ ನಾನು ಇದನ್ನೇ ಮಾಡಿ ಎನ್ನುತ್ತೇನೆ.

ದುಡ್ಡು ಪಡೆಯಲು ಯುಪಿಐ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಬ್ಯಾಲೆನ್ಸ್ ನೋಡುವಂಥ ಕೆಲಸ ಬಿಟ್ಟರೆ, ಪಿನ್ ಹಾಕಿದಿರಿ ಎಂದರೆ ನಿಮ್ಮ ಖಾತೆಯಿಂದ ದುಡ್ಡು ಹೋಯಿತು ಎಂದೇ ಅರ್ಥ. ಹಳೇ ಟ್ರ್ಯಾಕ್ಟರ್, ಎಮ್ಮೆ ಮಾರಲು ಆನ್‌ಲೈನ್‌ನಲ್ಲಿ ಹಾಕಿದವರಿಗೆ ‘ಅಡ್ವಾನ್ಸ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ’ ಎನ್ನುವವರು ಸಿಗುತ್ತಾರೆ. ಫೋನ್ ಇಟ್ಟುಬಿಡಿ.

ಹೆಬ್ಬೆಟ್ಟಿಗೂ ಬೀಗ

ಆಧಾರ್ ಜೋಡಿಸಿದ ಖಾತೆಯಿಂದ ಬೆರಳಚ್ಚು ಕೊಟ್ಟು ದುಡ್ಡು ತೆಗೆಯಬಹುದು. ಒಟಿಪಿ ಬೇಡ, ಕಾರ್ಡ್ ಬೇಡ. ಪೆನ್ಷನ್ ಪಡೆಯುವ ಅಜ್ಜಿಗೆ ಇದು ದೊಡ್ಡ ಅನುಕೂಲ. ಆದರೆ ಬೆರಳಚ್ಚನ್ನೇ ನಕಲು ಮಾಡಿ ದುಡ್ಡು ತೆಗೆದ ಪ್ರಕರಣಗಳೂ ಆಗಿವೆ. ಆಧಾರ್ ಆ್ಯಪ್ ಅಥವಾ ಮೈಆಧಾರ್ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಒಂದು ತೊಡಕಿದೆ: ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಅಕ್ಕಿ ತರುವ ದಿನ ಸ್ವಲ್ಪ ಹೊತ್ತು ತೆರೆಯಬೇಕು. ಮನೆಯಲ್ಲಿ ಇದನ್ನು ಮಾಡಿಕೊಡುವವರು ಇದ್ದರೆ ಮಾತ್ರ ಲಾಕ್ ಮಾಡಿ. ಇಲ್ಲದಿದ್ದರೆ ವಯಸ್ಸಾದವರು ಅಂಗಡಿ ಮುಂದೆ ನಿಂತು ವಾಪಸ್ ಬರುವಂತಾಗುತ್ತದೆ.

ಕರೆ, ಮೆಸೇಜ್ ಬಂದಾಗ

ವಿಡಿಯೊ ಕರೆಯಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎನ್ನುವವರು ಕಳ್ಳರು. ಹಾಗೆ ಬಂಧಿಸುವ ಕಾನೂನೇ ನಮ್ಮ ದೇಶದಲ್ಲಿಲ್ಲ. ಮೆಸೇಜ್ ಕಳಿಸಿದವರ ಹೆಸರಿನ ಕೊನೆಯಲ್ಲಿ ಈಗ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಸರ್ಕಾರದ್ದಾದರೆ ‘ಜಿ’, ಬ್ಯಾಂಕ್ ವ್ಯವಹಾರದ್ದಾದರೆ ‘ಟಿ’, ಸೇವೆಯದ್ದಾದರೆ ‘ಎಸ್’, ಜಾಹೀರಾತಾದರೆ ‘ಪಿ’. ಹತ್ತು ಅಂಕಿಯ ಸಾಮಾನ್ಯ ನಂಬರಿನಿಂದ ‘ನಿಮ್ಮ ಖಾತೆ ಬಂದ್ ಆಗುತ್ತೆ’ ಎಂದು ಬಂದರೆ ಲಿಂಕ್ ಒತ್ತದೆ ಅಳಿಸಿ. ಸಂಶಯ ಇದ್ದರೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೇ ಹೋಗಿ ಕೇಳಿ.

ಫೋನ್ ಹೋದರೆ, ದುಡ್ಡು ಹೋದರೆ

ಇವತ್ತೇ ಎಲ್ಲರ ಫೋನಿನಲ್ಲೂ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಬರೆದಿಡಿ. ಫೋನ್ ಕಳೆದರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಪೊಲೀಸ್ ದೂರು ಕೊಟ್ಟು, ಹೊಸ ಸಿಮ್ ಪಡೆದು, ಸಂಚಾರ್ ಸಾಥಿಯಲ್ಲಿ ಈ ಸಂಖ್ಯೆ ಹಾಕಿ ಫೋನನ್ನೇ ಬ್ಲಾಕ್ ಮಾಡಿ. ಆಮೇಲೆ ಯಾವ ಸಿಮ್ ಹಾಕಿದರೂ ಅದು ದೇಶದಲ್ಲಿ ಎಲ್ಲೂ ನಡೆಯುವುದಿಲ್ಲ. ಸಿಕ್ಕರೆ ಅಲ್ಲೇ ಬ್ಲಾಕ್ ತೆಗೆಯಬಹುದು.

ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಳೆ ನೋಡೋಣ ಎನ್ನಬೇಡಿ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ಸಾಗಿಸುತ್ತಾ ಹೋಗುತ್ತಾರೆ. ಅದು ಇನ್ನೂ ಯಾವುದೋ ಖಾತೆಯಲ್ಲಿ ಇರುವಾಗಲೇ ದೂರು ಹೋದರೆ ತಡೆ ಹಿಡಿಯಲು ಆಗುತ್ತದೆ. ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ಮೆಸೇಜಿನಲ್ಲಿರುವ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಬ್ಯಾಂಕಿಗೂ ಅವತ್ತೇ ಬರೆದು ಕೊಟ್ಟು, ಸಮಯ ಹಾಕಿದ ಸ್ವೀಕೃತಿ ಪಡೆಯಿರಿ. 2017ರ ಆರ್‌ಬಿಐ ಸುತ್ತೋಲೆ ಪ್ರಕಾರ ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆ ಕಡೆಯ ಲೋಪದಿಂದ ದುಡ್ಡು ಹೋಗಿದ್ದರೆ, ದುಡ್ಡು ಹೋದ ಬಗ್ಗೆ ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮದಲ್ಲ. ಪಿನ್ ನೀವೇ ಹೇಳಿದ್ದರೂ ಬ್ಯಾಂಕಿಗೆ ತಿಳಿಸಿದ ನಂತರ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ. ಸ್ವೀಕೃತಿಯಲ್ಲಿ ಸಮಯ ಇರಬೇಕು ಎಂದದ್ದು ಇದಕ್ಕೇ.

1930ರಿಂದ ಬಂದ ದೂರು ಸಂಖ್ಯೆ, ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಕ್ರೀನ್‌ಶಾಟ್ ಹಿಡಿದು, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ಕೆಲವು ದಿನ ಬಿಟ್ಟು ‘ಸೈಬರ್ ಸೆಲ್‌ನಿಂದ ಮಾತಾಡ್ತಿದೀವಿ, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಲು ಫೀಸ್ ಕಟ್ಟಿ’ ಎಂಬ ಕರೆ ಬರಬಹುದು. ಮೊದಲೇ ದುಡ್ಡು ಕಳೆದುಕೊಂಡವರನ್ನೇ ಹುಡುಕಿ ಮಾಡುವ ಎರಡನೇ ಮೋಸ ಅದು. ಒಂದು ರೂಪಾಯಿಯನ್ನೂ ಕಟ್ಟಬೇಡಿ, ಆ ನಂಬರನ್ನೂ ಠಾಣೆಗೆ ಕೊಟ್ಟು ನಿಮ್ಮ ದೂರಿಗೆ ಸೇರಿಸಿ.